ಗ್ರೀಸ್‌ನವ್ರು ಸೋಮಾರಿಗಳು ಅನ್ನೋರಿಗೆ ಏನು ಉತ್ತರ ಕೊಡ್ಲಿ? ಯುರೋ ಸಾಲದ ಕಥೆ ಗೊತ್ತಿರೋರು ಬನ್ನಿ

ದಾವಣಗೆರೆ_ಹುಡುಗ

ಎಲ್ರಿಗೂ ನಮಸ್ಕಾರ. ಮೊನ್ನೆ ಆಫೀಸಲ್ಲಿ ಊಟದ ಟೇಬಲ್ ಮೇಲೆ ಸುಮ್ನೆ ಶುರುವಾದ ಮಾತು ಜಗಳದ ಮಟ್ಟಕ್ಕೆ ಹೋಯ್ತು. ನಮ್ ಟೀಮ್ ಲೀಡ್ ಅಥೆನ್ಸ್‌ಗೆ ಟ್ರಿಪ್ ಹೋಗಿ ಬಂದಿದಾರೆ, ಅವ್ರ ಪ್ರಕಾರ ಗ್ರೀಸ್‌ನವ್ರು ಸಾಲ ಮಾಡಿ ತುಪ್ಪ ತಿಂದ್ರು, ಮಧ್ಯಾಹ್ನ ಮಲಗಿದ್ರು, ಐವತ್ತಕ್ಕೇ ಪಿಂಚಣಿ ತಗೊಂಡ್ರು, ಕೊನೆಗೆ ಜರ್ಮನಿಯವ್ರು ಕೈಯಿಂದ ದುಡ್ಡು ಹಾಕಿ ಉಳ್ಸಿದ್ರು, ಅಷ್ಟೇ ಕಥೆ. ನಾನು ಅಷ್ಟು ಸಿಂಪಲ್ ಇಲ್ಲ ಸಾರ್ ಅಂದೆ. ಹಾಗಾದ್ರೆ ಹೇಳಪ್ಪ ಅಂದ್ರು. ಹೇಳಕ್ಕೆ ಬರ್ಲಿಲ್ಲ, ಅನ್ನ ಕಲಸ್ಕೊಂಡು ಸುಮ್ನಾದೆ.

ನಂಗೆ ಗೊತ್ತಿರೋದು ಇಷ್ಟು. 2009 ಅಕ್ಟೋಬರ್‌ನಲ್ಲಿ ಪಾಪಂಡ್ರೆಯು ಸರ್ಕಾರ ಬಂತು, ಬಂದ ತಕ್ಷಣ ಹಿಂದಿನವ್ರು ಕೊಟ್ಟ ಲೆಕ್ಕ ಸುಳ್ಳು, ಬಜೆಟ್ ಕೊರತೆ ಶೇ 6ರ ಆಸುಪಾಸು ಅಲ್ಲ ಶೇ 12 ದಾಟಿದೆ ಅಂತ ಒಪ್ಕೊಳ್ತು, ಆಮೇಲೆ ಪೂರ್ತಿ ಎಣಿಸ್ದಾಗ 15ನೂ ದಾಟ್ತು. 2010 ಮೇನಲ್ಲಿ 110 ಬಿಲಿಯನ್ ಯುರೋ ಸಾಲದ ಪ್ಯಾಕೇಜ್. ಇದಿಷ್ಟೂ ಓದಿದ್ರೆ ಟೀಮ್ ಲೀಡ್ ಹೇಳಿದ್ದೇ ಸರಿ ಅನ್ಸುತ್ತೆ. ಆದ್ರೆ ಯುರೋ ವಲಯದ ಜಿಡಿಪಿಯಲ್ಲಿ ಶೇ 3ನೂ ಇಲ್ದಿರೋ ದೇಶದ ಸಾಲ ಇಡೀ ಯುರೋಪನ್ನ ಅಲ್ಲಾಡ್ಸಿದ್ದು ಹೆಂಗೆ? ಗೊತ್ತಿರೋರು ಹೇಳಿ, ಸೋಮವಾರ ಮತ್ತೆ ಅದೇ ಟೇಬಲ್‌ಗೆ ಹೋಗ್ಬೇಕು.

ರಿಟೈರ್ಡ್_ಮ್ಯಾನೇಜರ್

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಸಾಲ ಕೊಟ್ಟು ವಸೂಲಿ ಮಾಡಿ ಹೊರಗೆ ಬಂದವನು, ಅದಕ್ಕೆ ನನ್ನ ಕಣ್ಣು ಮೊದಲು ಹೋಗೋದು ಸಾಲ ಕೊಟ್ಟವನ ಕಡೆಗೆ. ನಮ್ಮಲ್ಲಿ ದೊಡ್ಡ ಸಾಲ ಕೆಟ್ಟರೆ ಸಾಲಗಾರನ ಮನೆಗೆ ನೋಟಿಸ್ ಹೋಗೋ ಮುಂಚೆ ಸ್ಯಾಂಕ್ಷನ್ ಮಾಡಿದ ಮ್ಯಾನೇಜರ್ ಕೈಗೆ ಚಾರ್ಜ್‌ಶೀಟ್ ಬರ್ತಿತ್ತು. ಆಸ್ತಿ ನೋಡಿದ್ಯಾ, ಆದಾಯ ನೋಡಿದ್ಯಾ, ಯಾವ ಧೈರ್ಯದ ಮೇಲೆ ಕೊಟ್ಟೆ ಅಂತ. ಗ್ರೀಸ್ ವಿಷಯದಲ್ಲಿ ಈ ಪ್ರಶ್ನೆ ಕೇಳಿದವರೇ ಕಡಿಮೆ.

ನೋಡಿ, ಗ್ರೀಸ್ 2001ರಲ್ಲಿ ಯುರೋಗೆ ಸೇರಿತು. ಅದಕ್ಕೆ ಮುಂಚೆ ಅವರ ಸರ್ಕಾರಿ ಬಾಂಡಿಗೆ ಎರಡಂಕಿ ಬಡ್ಡಿ ಕೊಡಬೇಕಿತ್ತು, ಯಾಕಂದ್ರೆ ಅವರ ಹಳೆ ಕರೆನ್ಸಿ ಡ್ರಾಕ್ಮಾ ಯಾವಾಗ ಬಿದ್ದುಹೋಗುತ್ತೋ ಅನ್ನೋ ಭಯ. ಯುರೋ ಬಂದಮೇಲೆ, 2005ರ ಹೊತ್ತಿಗೆ, ಗ್ರೀಸ್ ಬಾಂಡಿಗೂ ಜರ್ಮನಿ ಬಾಂಡಿಗೂ ಬಡ್ಡಿ ವ್ಯತ್ಯಾಸ ಕಾಲು ಪರ್ಸೆಂಟ್ ಆಸುಪಾಸು! ದೇಶ ಅದೇ, ತೆರಿಗೆ ಕಟ್ಟೋ ಅಭ್ಯಾಸ ಅದೇ, ಲೆಕ್ಕ ಬರೆಯೋ ಗುಮಾಸ್ತರೂ ಅವರೇ. ಫ್ರಾನ್ಸ್, ಜರ್ಮನಿ ಬ್ಯಾಂಕುಗಳು ಸಾಲು ನಿಂತು ಬಾಂಡ್ ಕೊಂಡವು. ಯುರೋಪ್ ಒಕ್ಕೂಟದ ಒಪ್ಪಂದದಲ್ಲಿ ಒಬ್ಬರ ಸಾಲ ಇನ್ನೊಬ್ಬರು ಹೊರೋದಿಲ್ಲ ಅಂತ ಕಪ್ಪು ಬಿಳುಪಲ್ಲಿ ಬರೆದಿತ್ತು, ಆದರೂ ಕೊಂಡವರ ಮನಸ್ಸಲ್ಲಿ ಇದ್ದದ್ದು ಕಷ್ಟ ಬಂದರೆ ದೊಡ್ಡಣ್ಣ ಇದ್ದಾನೆ ಅಂತ. ಕೊನೆಗೆ ಅವರು ಅಂದುಕೊಂಡ ಹಾಗೇ ಆಯ್ತು ಅನ್ನೋದು ಬೇರೆ ಮಾತು.

ಎರಡನೇದು, ಇದು ಮುಖ್ಯ. 1991ರಲ್ಲಿ ನಮಗೂ ಇದೇ ಗತಿ ಬಂದಿತ್ತು, 47 ಟನ್ ಚಿನ್ನ ವಿದೇಶದಲ್ಲಿ ಅಡ ಇಟ್ಟಿದ್ದು ನೆನಪಿರಬಹುದು. ಆದರೆ ನಮ್ಮ ಕೈಯಲ್ಲಿ ರೂಪಾಯಿ ಇತ್ತು, ಜುಲೈ ಮೊದಲ ವಾರದಲ್ಲಿ ಎರಡು ಕಂತಿನಲ್ಲಿ ಬೆಲೆ ಇಳಿಸಿದರು, ರಫ್ತು ಅಗ್ಗ ಆಯ್ತು, ಏದುಸಿರು ಬಿಟ್ಟು ಹೇಗೋ ಎದ್ದು ನಿಂತ್ವಿ. ಗ್ರೀಸ್‌ಗೆ ಆ ದಾರಿ ಇಲ್ಲ. ನೋಟು ಫ್ರಾಂಕ್‌ಫರ್ಟ್‌ನಲ್ಲಿರೋ ಯುರೋಪಿನ ಕೇಂದ್ರ ಬ್ಯಾಂಕ್ ಕೈಲಿ. ಕರೆನ್ಸಿ ಇಳಿಸಕ್ಕಾಗದಿದ್ದರೆ ಇನ್ನೇನು ಇಳಿಸ್ತೀರಿ? ಮನುಷ್ಯನ ಸಂಬಳ ಇಳಿಸಬೇಕು. ಅದನ್ನೇ ಮಾಡಿದ್ದು. 2012 ಫೆಬ್ರವರಿಯಲ್ಲಿ ತಿಂಗಳ ಕನಿಷ್ಠ ಸಂಬಳ 751 ಯುರೋದಿಂದ 586ಕ್ಕೆ ಇಳಿಸಿದರು, 25 ವರ್ಷದೊಳಗಿನವರಿಗೆ ಇನ್ನೂ ಕಡಿಮೆ. ಸಂಬಳ ಇಳೀತು ಆದರೆ ಮನೆ ಸಾಲದ ಕಂತು ಇಳಿಯುತ್ತಾ? ಇಲ್ಲ.

ಧಾರವಾಡ_ಪೇಡೆ

ಎಲ್ಲಾ ಖರೇ ರಿ ಸಾಹೇಬ್ರ, ಆದ್ರ ಗ್ರೀಸ್‌ನವ್ರನ್ನ ಭಾಳ ಮುಗ್ಧರು ಅಂತ ಮಾಡಬ್ಯಾಡ್ರಿ. ಅಥೆನ್ಸ್ ಉತ್ತರ ಭಾಗದಾಗ ಶ್ರೀಮಂತರ ಬಡಾವಣಿ ಅದಾವಲ್ಲ, ಅಲ್ಲಿ ಸ್ವಿಮ್ಮಿಂಗ್ ಪೂಲ್ ಅದ ಅಂತ ತೆರಿಗೆ ಫಾರ್ಮ್‌ನಾಗ ಬರದವ್ರು 324 ಮಂದಿ. ಮ್ಯಾಲಿಂದ ಸ್ಯಾಟಲೈಟ್ ಫೋಟೋ ತಗದು ಎಣಿಸಿದ್ರ ಹತ್ತಿರ ಹತ್ತಿರ 17 ಸಾವಿರ! ಆಮ್ಯಾಲ ಪೂಲ್ ಮ್ಯಾಲೆ ಹಸರು ಬಲಿ ಹೊಚ್ಚೋದು ಸುರು ಮಾಡಿದ್ರಂತ, ನಗಬೇಕೋ ಅಳಬೇಕೋ. ಸರ್ಕಾರಿ ದವಾಖಾನ್ಯಾಗ ಆಪರೇಷನ್ ಲಗೂನ ಆಗಬೇಕಂದ್ರ ಡಾಕ್ಟರ್‌ಗೆ ಒಂದು ಸಣ್ಣ ಲಕೋಟೆ ಕೊಡಬೇಕು, ಅದಕ್ಕ ಹೆಸರೂ ಅದ, ಫಾಕೆಲಾಕಿ ಅಂತ. ನಮ್ಮ ಟೇಬಲ್ ಕೆಳಗಿನ ವ್ಯವಹಾರಕ್ಕ ಇಷ್ಟು ಚಂದ ಹೆಸರು ನಾವು ಇಟ್ಟಿಲ್ಲ ನೋಡ್ರಿ.

2010ರಾಗ ಫ್ರಾನ್ಸ್‌ನವ್ರು ಸ್ವಿಸ್ ಬ್ಯಾಂಕ್‌ನಾಗ ಖಾತೆ ಇದ್ದ ಸುಮಾರು 2,000 ಗ್ರೀಕರ ಪಟ್ಟಿ ಕೊಟ್ರು. ಏನು ಮಾಡಿದ್ರು? ಎರಡು ವರ್ಷ ಕೂತ್ರು. 2012ರಾಗ ಒಬ್ಬ ಪತ್ರಕರ್ತ ಆ ಪಟ್ಟಿ ಛಾಪಿಸಿದ್ರ ಅಂವನ್ನ ಅರೆಸ್ಟ್ ಮಾಡಿದ್ರು, ಕೋರ್ಟ್ ಬಿಡುಗಡೆ ಮಾಡ್ತು ಅದು ಬ್ಯಾರೆ. ಹಿಂಗಿದ್ದಾಗ ಜರ್ಮನ್ ರೈತ, ಜರ್ಮನ್ ನರ್ಸ್ ಯಾಕ ರೊಕ್ಕ ಕೊಡಬೇಕು? ಹಾಸಿಗೆ ಇದ್ದಷ್ಟು ಕಾಲ ಚಾಚಬೇಕು ಅಂತ ನಮ್ಮವ್ವ ಹೇಳತಿದ್ಲು, ಆಗಿನ ಜರ್ಮನಿ ಚಾನ್ಸಲರ್ ಮರ್ಕೆಲ್‌ನೂ ಅದನ್ನ ಹೇಳಿದ್ಲು.

ರಿಟೈರ್ಡ್_ಮ್ಯಾನೇಜರ್

ಪೇಡೆಯವರೇ, ಪೂಲ್ ಇದ್ದವನೂ ಪಿಂಚಣಿ ಕಟ್ ಆದವನೂ ಒಬ್ಬನೇ ಅಲ್ಲ. ಕಳ್ಳ ಬಡಾವಣೆಯಲ್ಲಿದ್ದ, ದಂಡ ಗಲ್ಲಿಯವನು ಕಟ್ಟಿದ.

ಮೈನ್_ನದಿ_ದಂಡೆ

ಫ್ರಾಂಕ್‌ಫರ್ಟಿಂದ ಬರೀತಿದೀನಿ, ಹದಿನೈದು ವರ್ಷ ಆಯ್ತು ಇಲ್ಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದನ್ನ ಇಲ್ಲಿ ಶ್ವೇಬಿಯಾದ ಗೃಹಿಣಿ ಹೆಸರಲ್ಲಿ ಹೇಳ್ತಾರೆ, ಜರ್ಮನಿಯ ಆ ಭಾಗದ ಹೆಂಗಸ್ರು ಮನೆ ಖರ್ಚನ್ನ ಪೈಸೆ ಪೈಸೆ ಲೆಕ್ಕ ಹಾಕ್ತಾರೆ ಅಂತ ಹೆಸರುವಾಸಿ, ಮರ್ಕೆಲ್ ಅದನ್ನೇ ಉದಾಹರಣೆ ಕೊಡ್ತಿದ್ರು. ಇನ್ನೊಂದು ಮಜಾ ಅಂದ್ರೆ ಜರ್ಮನ್ ಭಾಷೆಯಲ್ಲಿ ಸಾಲಕ್ಕೂ ತಪ್ಪಿಗೂ ಒಂದೇ ಪದ, ಶುಲ್ಡ್. ಹಾಗಾಗಿ ಸಾಲಗಾರ ಅಂದಕೂಡ್ಲೇ ತಪ್ಪಿತಸ್ಥ ಅಂತ ಮನಸ್ಸು ತಾನಾಗೇ ಓಡುತ್ತೆ. ನಮ್ಮಲ್ಲೂ ಋಣ ಅಂತ ಇದೆ ಆದ್ರೆ ಅದರಲ್ಲಿ ಬೈಗುಳ ಇಲ್ಲ ನೋಡಿ, ಅನ್ನದ ಋಣ ನೀರಿನ ಋಣ ಅಂತೀವಿ.

ಆ ಕಾಲದಲ್ಲಿ ಇಲ್ಲಿನ ವಾತಾವರಣ ಹೇಗಿತ್ತು ಅಂದ್ರೆ, ದೊಡ್ಡ ಟ್ಯಾಬ್ಲಾಯ್ಡ್ ಒಂದು ನಿಮ್ಮ ದ್ವೀಪಗಳನ್ನ ಮಾರ್ರಯ್ಯ ಅಂತ ಹೆಡ್‌ಲೈನ್ ಹಾಕಿತ್ತು. ನನ್ನ ಸಹೋದ್ಯೋಗಿ ಒಬ್ಬ, ಒಳ್ಳೆ ಮನುಷ್ಯ, ಸಂಬಳದ ದುಡ್ಡು ತೆಗೆದ್ರೆ ನೋಟು ತಿರುಗಿಸಿ ನಂಬರ್ ನೋಡ್ತಿದ್ದ. ಹಳೆ ಸರಣಿಯ ಯುರೋ ನೋಟಲ್ಲಿ ನಂಬರ್ ಮುಂದೆ ಒಂದು ಅಕ್ಷರ ಇರ್ತಿತ್ತು, ಎಕ್ಸ್ ಅಂದ್ರೆ ಜರ್ಮನಿ, ವೈ ಅಂದ್ರೆ ಗ್ರೀಸ್. ವೈ ಇದ್ರೆ ಮೊದಲು ಖರ್ಚು ಮಾಡ್ಬಿಡ್ತಿದ್ದ, ಎಕ್ಸ್ ಇದ್ರೆ ಪರ್ಸ್‌ನಲ್ಲಿ ಉಳಿಸ್ಕೊಳ್ತಿದ್ದ, ಎಲ್ಲಾದ್ರೂ ಯುರೋ ಒಡೆದ್ರೆ ಅಂತ! ನೋಟಿನ ಬೆಲೆಗೂ ಆ ಅಕ್ಷರಕ್ಕೂ ಸಂಬಂಧ ಇಲ್ಲ ಮಾರಾಯ ಅಂದ್ರೆ, ಗೊತ್ತು, ಆದ್ರೂ, ಅಂತಿದ್ದ.

ಪೇಡೆಯವರ ಜರ್ಮನ್ ನರ್ಸ್ ಪ್ರಶ್ನೆಗೆ ಬರ್ತೀನಿ. ಅವಳ ದುಡ್ಡು ಹೋಗಿದ್ದೆಲ್ಲಿ? ಬರ್ಲಿನ್‌ನ ಒಂದು ಬ್ಯುಸಿನೆಸ್ ಸ್ಕೂಲ್‌ನವ್ರು 2016ರಲ್ಲಿ ಲೆಕ್ಕ ಹಾಕಿದ್ರು. ಮೊದಲ ಎರಡು ಪ್ಯಾಕೇಜಲ್ಲಿ ಬಿಡುಗಡೆ ಆದ ಸುಮಾರು 216 ಬಿಲಿಯನ್ ಯುರೋದಲ್ಲಿ ಗ್ರೀಸ್ ಸರ್ಕಾರದ ಖರ್ಚಿಗೆ ಅಂತ ನೇರವಾಗಿ ಹೋಗಿದ್ದು 10 ಬಿಲಿಯನ್‌ಗಿಂತ ಕಡಿಮೆ, ಉಳಿದಿದ್ದೆಲ್ಲ ಹಳೆ ಸಾಲ ತೀರಿಸೋದಕ್ಕೆ, ಬಡ್ಡಿಗೆ, ಬ್ಯಾಂಕುಗಳ ಬಂಡವಾಳಕ್ಕೆ. ಅಂದ್ರೆ ದುಡ್ಡು ಅಥೆನ್ಸ್‌ಗೆ ಹೋಗಿ ಒಂದು ಕಾಫಿ ಕುಡಿದು ವಾಪಸ್ ಬಂತು. 2012 ಮಾರ್ಚ್‌ನಲ್ಲಿ ಖಾಸಗಿಯವ್ರ ಕೈಲಿದ್ದ ಗ್ರೀಸ್ ಬಾಂಡಿಗೆ ಅರ್ಧಕ್ಕಿಂತ ಜಾಸ್ತಿ ಕತ್ತರಿ ಬಿತ್ತು ನಿಜ, ಆದ್ರೆ ಅಷ್ಟ್ರಲ್ಲಿ ಎರಡು ವರ್ಷ ಕಳೆದಿತ್ತು, ಜಾಣರು ಹೊರಗೆ ಬಂದಾಗಿತ್ತು, ಆ ಜಾಗದಲ್ಲಿ ಸಾಲ ಕೊಟ್ಟವ್ರಾಗಿ ಕೂತಿದ್ದು ಸರ್ಕಾರಗಳು. ಬ್ಯಾಂಕಿನ ಸಾಲ ಜನರ ಸಾಲ ಆಯ್ತು, ಜನ ಜನ ಬಡಿದಾಡಿಕೊಂಡ್ರು.

ದಾವಣಗೆರೆ_ಹುಡುಗ

ಒಂದು ಕಾಫಿ ಕುಡಿದು ವಾಪಸ್ ಬಂತು 😀 ಇದನ್ನ ಸೋಮವಾರಕ್ಕೆ ಇಟ್ಕೊಂಡೆ. ಆ ಸೋಮಾರಿ ವಿಷಯ?

ಮೈನ್_ನದಿ_ದಂಡೆ

ಮುಂದುವರಿದ ದೇಶಗಳ ಸಂಘಟನೆ ಒಇಸಿಡಿಯ ಅಂಕಿ ನೋಡಿ. ಗ್ರೀಕ್ ಕೆಲಸಗಾರ ವರ್ಷಕ್ಕೆ 2,000 ಗಂಟೆ ಹತ್ರ ದುಡೀತಾನೆ, ಜರ್ಮನ್ 1,400 ಹತ್ರ. ಅಲ್ಲಿ ಅಂಗಡಿ ಇಟ್ಟವ್ರು ಜಾಸ್ತಿ, ಇಲ್ಲಿ ಪಾರ್ಟ್ ಟೈಮ್ ಜಾಸ್ತಿ, ಹಾಗಾಗಿ ಪೂರ್ತಿ ನ್ಯಾಯವಾದ ಹೋಲಿಕೆ ಅಲ್ಲ, ಆದ್ರೆ ಸೋಮಾರಿ ಅನ್ನೋಕಂತೂ ಆಗಲ್ಲ.

ಹಡಗಿನವ

ನಾನು ಕುಂದಾಪ್ರ ಕಡೆಯವ, ಮರ್ಚೆಂಟ್ ನೇವಿ. ಗ್ರೀಕ್ ಮಾಲೀಕರ ಹಡಗಲ್ಲಿ ಎಂಟು ವರ್ಷ. 2015 ಜೂನ್ ಕೊನೆಗೆ ಅಥೆನ್ಸ್ ಬಂದರು ಪಿರೇಯಸ್‌ನಲ್ಲಿ ಇಳಿದೆ, ಮುಂದಿನ ಹಡಗು ತಡ, ಬಂದರಿನ ಹತ್ರ ಒಂದು ಸಣ್ಣ ಹೋಟೆಲಲ್ಲಿ ಎರಡು ವಾರ ಕೂತೆ. ಸರಿಯಾಗಿ ಅದೇ ಎರಡು ವಾರ ಮಾರ್ರೆ!

ಶುಕ್ರವಾರ ನಡುರಾತ್ರಿ ಪ್ರಧಾನಿ ಸಿಪ್ರಾಸ್ ಟಿವಿಯಲ್ಲಿ ಬಂದು ಸಾಲ ಕೊಡುವವರ ಷರತ್ತು ಒಪ್ಪಬೇಕೋ ಬೇಡವೋ ಅಂತ ಜನಮತ ಸಂಗ್ರಹ ಮಾಡ್ತೇವೆ ಅಂದ. ಶನಿವಾರ ಬೆಳಿಗ್ಗೆ ನಾನು ಕಾಫಿಗೆ ಅಂತ ಕೆಳಗೆ ಇಳಿದ್ರೆ ಎಟಿಎಂ ಎದುರು ಕ್ಯೂ ಬಂದರಿನ ತಿರುವಿನವರೆಗೆ. ಗಲಾಟೆ ಇಲ್ಲ, ಕೂಗಾಟ ಇಲ್ಲ, ಅದೇ ಹೆದ್ರಿಕೆ ಆದದ್ದು. ಸೋಮವಾರದಿಂದ ಬ್ಯಾಂಕ್ ಬಂದ್, ಒಂದು ಕಾರ್ಡಿಗೆ ದಿನಕ್ಕೆ 60 ಯುರೋ. ಆಮೇಲೆ 20ರ ನೋಟು ಖಾಲಿ ಆಯ್ತು, ಮಿಷಿನ್ 50 ಮಾತ್ರ ಕೊಡ್ಲಿಕ್ಕೆ ಶುರು ಮಾಡ್ತು, ಅಲ್ಲಿಗೆ 60 ಅನ್ನುವುದು 50 ಆಯ್ತು. ಕಾರ್ಡೇ ಇಲ್ಲದ ಅಜ್ಜ ಅಜ್ಜಿಯರು ಎಂತ ಮಾಡ್ಬೇಕು? ಅವರಿಗೆ ಅಂತ ಕೆಲವು ಬ್ರಾಂಚ್ ತೆಗೆದ್ರು, ವಾರಕ್ಕೆ 120. ಬೆಳಿಗ್ಗೆ ಆರಕ್ಕೆ ಬಂದು ಬಾಗಿಲ ಎದುರು ನಿಂತಿದ್ದವರನ್ನು ನಾನು ನೋಡಿದ್ದೇನೆ, ಜುಲೈ ಬಿಸಿಲು, ಒಬ್ಬರು ರಟ್ಟಿನ ಪೆಟ್ಟಿಗೆ ಹರಿದು ತಲೆ ಮೇಲೆ ಹಿಡ್ಕೊಂಡಿದ್ರು, ಒಳಗಿಂದ ಒಬ್ಬ ಬಂದು ಇವತ್ತು ಇಂತಿಂಥ ಅಕ್ಷರದ ಹೆಸರಿನವರು ಮಾತ್ರ ಅಂದ, ಉಳಿದವರು ಬಾಯಿ ಬಿಡದೆ ತಿರುಗಿ ನಡೆದ್ರು.

ನನಗೆ ನಾಚಿಕೆ ಆದದ್ದು ಬೇರೆ ವಿಷಯಕ್ಕೆ. ಹೊರದೇಶದ ಕಾರ್ಡಿಗೆ ಆ ಮಿತಿ ಇರ್ಲಿಲ್ಲ. ಅದೇ ಕ್ಯೂನಲ್ಲಿ ನಿಂತು ನಾನು 200 ತೆಗೀಬಹುದಿತ್ತು, ಹಿಂದೆ ನಿಂತ ಹೆಂಗಸಿಗೆ ಅವಳದ್ದೇ ದುಡ್ಡು ಅವಳದ್ದೇ ದೇಶದಲ್ಲಿ ಸಿಕ್ಕುವುದಿಲ್ಲ. ಕೆಳಗಿನ ಕಾಫಿ ಅಂಗಡಿ ಮುದುಕನಿಗೆ ನಾನು 20ರ ನೋಟು ಕೊಟ್ರೆ ಬೆಳಕಿಗೆ ಹಿಡಿದು ನೋಡಿ ನಕ್ಕ, ಅಷ್ಟು ಅಪರೂಪ ಆಗಿತ್ತು. ಕಾರ್ಡ್ ತೆಗೊಳ್ಳುದಿಲ್ಲ, ತೆಗೊಂಡ್ರೆ ದುಡ್ಡು ಬ್ಯಾಂಕಲ್ಲಿ ಸಿಕ್ಕಿಹಾಕ್ಕೊಳ್ತದೆ, ಹಾಲಿನವ ಕ್ಯಾಶ್ ಕೇಳ್ತಾನೆ.

ಜುಲೈ 5ಕ್ಕೆ ವೋಟು. ಶೇ 61 ಮಂದಿ ಓಹಿ ಅಂದ್ರು, ಅಂದ್ರೆ ಬೇಡ. (ಅವರ ಭಾಷೆಯಲ್ಲಿ ಹೌದು ಅನ್ನುವುದಕ್ಕೆ ನೆ ಅಂತಾರೆ, ನನಗೆ ಎಂಟು ವರ್ಷ ಆದ್ರೂ ಅದು ಉಲ್ಟಾ ಕೇಳ್ತದೆ.) ಓಹಿ ಅವರಿಗೆ ಸಣ್ಣ ಶಬ್ದ ಅಲ್ಲ, 1940ರಲ್ಲಿ ಮುಸೊಲಿನಿಗೆ ಬೇಡ ಅಂದ ದಿನವನ್ನ ಇವತ್ತಿಗೂ ರಜೆ ಕೊಟ್ಟು ಆಚರಿಸ್ತಾರೆ. ಆ ರಾತ್ರಿ ಮುದುಕ ಎಲ್ಲರಿಗೂ ಪುಕ್ಕಟೆ ಊಝೋ, ಅವರ ಊರಿನ ಮದ್ಯ, ಕೊಟ್ಟ. ಒಂದು ವಾರ ಕಳೀತು, ಬ್ರಸೆಲ್ಸ್‌ನಲ್ಲಿ ಹದಿನೇಳು ಗಂಟೆ ಮೀಟಿಂಗ್, ಸಿಪ್ರಾಸ್ ಸಹಿ ಹಾಕಿ ಬಂದ, 86 ಬಿಲಿಯನ್‌ವರೆಗಿನ ಮೂರನೇ ಸಾಲ, ಜನ ಬೇಡ ಅಂದದ್ದಕ್ಕಿಂತ ಬಿಗಿ ಷರತ್ತು. ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಟಿವಿ ಬಂದ್. ಮುದುಕ ಒಂದು ಮಾತೂ ಆಡದೆ ಕಪ್ಪು ತೊಳೀತಾ ಇದ್ದ.

ಇನ್ನೊಂದು ಹೇಳ್ತೇನೆ. ನನಗೆ ಸಂಬಳ ಕೊಟ್ಟ ಹಡಗಿನ ಮಾಲೀಕರಿಗೆ ಅಷ್ಟೂ ವರ್ಷ ಎಂತ ಆಯ್ತು? ಹೆಚ್ಚೇನೂ ಇಲ್ಲ. ಜಗತ್ತಿನ ಅತಿ ದೊಡ್ಡ ವ್ಯಾಪಾರಿ ನೌಕಾಪಡೆ ಗ್ರೀಕರದ್ದು, ಅವರಿಗೆ ಲಾಭದ ಮೇಲೆ ತೆರಿಗೆ ಇಲ್ಲ, ಹಡಗಿನ ಗಾತ್ರದ ಲೆಕ್ಕದಲ್ಲಿ ಕಟ್ತಾರೆ, 1953ರ ಕಾನೂನು, ಅದಕ್ಕೆ ಸಂವಿಧಾನದ ರಕ್ಷಣೆ ಬೇರೆ. ಕರೆಂಟ್ ಬಿಲ್ಲಿನಲ್ಲಿ ಮನೆ ತೆರಿಗೆ ಸೇರಿಸಿ, ಕಟ್ಟದಿದ್ರೆ ಫ್ಯೂಸ್ ಕೀಳ್ತೇವೆ ಅಂತ ಹೆದ್ರಿಸಿದ್ದು ಆ ಮುದುಕನಂಥವರಿಗೆ.

ರಿಟೈರ್ಡ್_ಮ್ಯಾನೇಜರ್

ಹಡಗಿನವರೇ, ನೀವು ಬರೆದದ್ದು ಓದಿ ಎರಡು ನಿಮಿಷ ಸುಮ್ಮನೆ ಕೂತೆ. ಕ್ಯಾಶ್ ಕೌಂಟರ್ ಮುಚ್ಚಿ ಬೋರ್ಡ್ ತೂಗುಹಾಕೋದು ಏನು ಅಂತ ನನಗೆ ಗೊತ್ತು.

ಡಬ್ಲಿನ್_ಜಿಟಿಜಿಟಿ

ಎಲ್ಲರೂ ಗ್ರೀಸ್ ಗ್ರೀಸ್ ಅಂತೀರ, ಐರ್ಲೆಂಡ್ ಕಥೆ ಕೇಳಿದ್ರೆ ಆ ಟೀಮ್ ಲೀಡ್ ಥಿಯರಿ ಪೂರ್ತಿ ಬಿದ್ದೋಗುತ್ತೆ. 2007ರಲ್ಲಿ ಇಲ್ಲಿನ ಸರ್ಕಾರಿ ಸಾಲ ಜಿಡಿಪಿಯ ಶೇ 25ರಷ್ಟೇ, ಜರ್ಮನಿಗಿಂತ ಎಷ್ಟೋ ಕಡಿಮೆ, ಬಜೆಟ್ ನೀಟಾಗಿತ್ತು, ಕ್ಲಾಸಲ್ಲಿ ಫಸ್ಟ್ ಬೆಂಚ್ ಹುಡುಗ. ಸಾಲ ಮಾಡಿದ್ದು ಸರ್ಕಾರ ಅಲ್ಲ, ಬ್ಯಾಂಕುಗಳು, ಬಿಲ್ಡರ್‌ಗಳಿಗೆ ಕೊಟ್ಟು ಕೊಟ್ಟು. 2008 ಸೆಪ್ಟೆಂಬರ್ 29ರ ರಾತ್ರಿ ಸರ್ಕಾರ ಎಲ್ಲ ದೊಡ್ಡ ಬ್ಯಾಂಕಿನ ಸಾಲಕ್ಕೂ ನಾವು ಜಾಮೀನು ಅಂತ ಹೇಳ್ಬಿಡ್ತು, ಸುಮಾರು 440 ಬಿಲಿಯನ್. ನಮ್ಮೂರಲ್ಲಿ ನೆಂಟರ ಸಾಲಕ್ಕೆ ಜಾಮೀನು ಹಾಕಿ ಹೊಲ ಕಳ್ಕೊಂಡೋರು ಇರ್ತಾರಲ್ಲ, ಅದೇ. 2010ರಲ್ಲಿ ಕೊರತೆ ಶೇ 30 ದಾಟ್ತು, ನವೆಂಬರ್‌ನಲ್ಲಿ 85 ಬಿಲಿಯನ್ ಪ್ಯಾಕೇಜ್, ಅದ್ರಲ್ಲಿ 17.5 ಬಿಲಿಯನ್ ಇವ್ರದ್ದೇ ಜೇಬಿಂದ. ಮುಂದಿನ ಚುನಾವಣೇಲಿ ದಶಕಗಳಿಂದ ದೊಡ್ಡ ಪಕ್ಷವಾಗಿದ್ದ ಫಿಯನ್ನ ಫಾಲ್ 20 ಸೀಟಿಗೆ ಬಂತು.

ನಾನು ಬಂದಿದ್ದು 2017ಕ್ಕೆ, ಎಲ್ಲ ಮುಗಿದ್ಮೇಲೆ. ಆದ್ರೆ ತಿಂಗಳಾ ತಿಂಗಳಾ ಪೇಸ್ಲಿಪ್‌ನಲ್ಲಿ ಯುಎಸ್‌ಸಿ ಅಂತ ಒಂದು ತೆರಿಗೆ ಸಾಲು ಕಟ್ ಆಗುತ್ತೆ, 2011ರಲ್ಲಿ ಬಂದಿದ್ದು. ಇದೇನಪ್ಪ ಅಂತ ಆಫೀಸಲ್ಲಿ ಕೇಳ್ದೆ, ಪಕ್ಕದವಳು ಅದು ನಮ್ಮ ಬ್ಯಾಂಕರ್‌ಗಳ ನೆನಪಿಗೆ ಅಂದ್ಲು. ದುಡ್ಡು ಬ್ಯಾಂಕಿಗೇ ಹೋಗುತ್ತೆ ಅಂತಲ್ಲ, ಜನ ಅದನ್ನ ಹಂಗೇ ಲೆಕ್ಕ ಇಟ್ಕೊಂಡಿದಾರೆ. ಅವಳ ಅಣ್ಣ ತಮ್ಮ ಇಬ್ರೂ ಆಗ ಆಸ್ಟ್ರೇಲಿಯಾಗೆ ಹೋದೋರು ವಾಪಸ್ ಬಂದಿಲ್ಲ.

ಟ್ಯಾಕ್ಸ್_ನಮ್ದು

ನಾನು ಹೇಳೋದು ಕೆಲವರಿಗೆ ಹಿಡ್ಸಲ್ಲ. ನಮ್ಮ ಕರ್ನಾಟಕದ್ದೂ ಜರ್ಮನಿ ಕಥೇನೇ. ದುಡಿಯೋದು ನಾವು, ಹಂಚೋದು ದೆಹಲಿ. ರಾಜ್ಯಗಳಿಗೆ ಹಂಚೋ ಕೇಂದ್ರ ತೆರಿಗೆಯಲ್ಲಿ 14ನೇ ಹಣಕಾಸು ಆಯೋಗದಲ್ಲಿ ನಮ್ಮ ಪಾಲು ಶೇ 4.713 ಇತ್ತು, 15ರಲ್ಲಿ 3.647ಕ್ಕೆ ಇಳಿಸಿದ್ರು, 2024 ಫೆಬ್ರವರಿಯಲ್ಲಿ ಸಿಎಂ ಮಂತ್ರಿಗಳೆಲ್ಲ ಜಂತರ್ ಮಂತರ್‌ಗೆ ಹೋಗಿ ಕೂರ್ಬೇಕಾಯ್ತು. ಒಂದು ಕರೆನ್ಸಿ, ಹಲವು ರಾಜ್ಯ, ಅದೇ ಜಗಳ.

ರಿಟೈರ್ಡ್_ಮ್ಯಾನೇಜರ್

ಸಿಟ್ಟು ಸರಿ, ಹೋಲಿಕೆ ಅರ್ಧ ಸರಿ. ನಾವು ಜಗಳ ಆಡೋದು ಎಷ್ಟು ಹಂಚಬೇಕು ಅಂತ. ಅಲ್ಲಿ ಹಂಚೋ ವ್ಯವಸ್ಥೆಯೇ ಇಲ್ಲ ಅಂದ್ರೂ ನಡೀತದೆ, ಯುರೋಪಿನ ಬಜೆಟ್ಟು ಎಲ್ಲ ಸೇರಿ ಅವರ ವರಮಾನದ ಶೇ 1ರ ಆಸುಪಾಸು. ಗ್ರೀಸ್‌ಗೆ ಸಿಕ್ಕಿದ್ದು ಪಾಲಲ್ಲ, ಬಡ್ಡಿ ಸಾಲ. ಇನ್ನೊಂದು ನೋಡಿ. ನಾಳೆ ಬಿಹಾರ ಸರ್ಕಾರದ ಖಜಾನೆ ಖಾಲಿ ಆದರೆ ಪಾಟ್ನಾದ ಎಸ್‌ಬಿಐ ಎಟಿಎಂ ನಿಲ್ಲೋದಿಲ್ಲ, ಯಾಕಂದ್ರೆ ಬ್ಯಾಂಕು ದೇಶದ್ದು, ಠೇವಣಿಗೆ ವಿಮೆ ದೇಶದ್ದು. ಗ್ರೀಸ್‌ನಲ್ಲಿ ಬ್ಯಾಂಕುಗಳೆಲ್ಲ ತಮ್ಮದೇ ಸರ್ಕಾರದ ಬಾಂಡ್ ತುಂಬಿಕೊಂಡಿದ್ದವು, ಸರ್ಕಾರ ಮುಳುಗಿದರೆ ಬ್ಯಾಂಕು, ಬ್ಯಾಂಕು ಮುಳುಗಿದರೆ ಸರ್ಕಾರ. ಬಾವಿಗೆ ಬಿದ್ದ ಇಬ್ಬರು ಒಬ್ಬರ ಕಾಲು ಒಬ್ಬರು ಹಿಡಿದುಕೊಂಡ ಹಾಗೆ. ಸೈಪ್ರಸ್‌ನಲ್ಲಿ 2013ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅಲ್ಲಿನ ಅತಿ ದೊಡ್ಡ ಬ್ಯಾಂಕಿನಲ್ಲಿ 1 ಲಕ್ಷ ಯುರೋ ಮೇಲಿದ್ದ ಠೇವಣಿಯಲ್ಲಿ ಶೇ 47.5 ಕಿತ್ತು ಬ್ಯಾಂಕಿನ ಷೇರಾಗಿ ಕೊಟ್ಟರು. ಠೇವಣಿ ಇಟ್ಟವನಿಗೆ ಷೇರು ಕೊಡೋದು! ನನ್ನ ಕಾಲದಲ್ಲಿ ಇಂಥದ್ದು ಕನಸಲ್ಲೂ ಬಂದಿರಲಿಲ್ಲ.

ಅಷ್ಟೆಲ್ಲ ಹೇಳಿ, ಬೆಂಕಿ ಆರಿಸಿದ್ದು ಏನು? ಒಂದು ವಾಕ್ಯ. 2012 ಜುಲೈ 26ಕ್ಕೆ ಆಗ ಯುರೋಪಿನ ಕೇಂದ್ರ ಬ್ಯಾಂಕಿನ ಅಧ್ಯಕ್ಷರಾಗಿದ್ದ ದ್ರಾಗಿ ಲಂಡನ್ನಿನಲ್ಲಿ ನಿಂತು ಯುರೋ ಉಳಿಸಲು ಏನು ಬೇಕಾದರೂ ಮಾಡ್ತೀವಿ ಅಂದರು. ಸ್ಪೇನ್, ಇಟಲಿ ಬಡ್ಡಿ ಇಳಿಯಿತು. ಆಮೇಲೆ ಘೋಷಿಸಿದ ಬಾಂಡ್ ಖರೀದಿ ಯೋಜನೆಯಲ್ಲಿ ಇವತ್ತಿಗೂ ಒಂದು ಯುರೋ ಖರ್ಚಾಗಿಲ್ಲ. ಈ ಮಾತನ್ನ 2010ರಲ್ಲೇ ಆಡಿದ್ದರೆ ಅಂತ ಅನ್ನಿಸದೆ ಇರಲ್ಲ.

ಧಾರವಾಡ_ಪೇಡೆ

ಆಡಿದ್ರ ಯಾರೂ ಸುಧಾರಣೆ ಮಾಡತಿರಲಿಲ್ಲ ಬಿಡ್ರಿ. ಕುತ್ತಿಗಿಗೆ ಬಂದಾಗನ ಮನಷ್ಯಾ ಎಚ್ಚರ ಆಗೋದು. ಈಗ ನೋಡ್ರಿ, ಗ್ರೀಸ್‌ನಾಗ ತೆರಿಗಿ ಎಲ್ಲಾ ಆನ್‌ಲೈನ್ ಆಗೇದ, ಸಾಲದ ಪ್ರಮಾಣ ಇಳೀಲಿಕ್ಕತ್ತೇದ.

ಮೈನ್_ನದಿ_ದಂಡೆ

ಇಳೀತಿದೆ, ಒಪ್ದೆ. ಆದ್ರೆ ಯಾವ ಬೆಲೆಗೆ? ದೇಶದ ಆದಾಯ ಕಾಲುಭಾಗ ಕುಸೀತು, ನಿರುದ್ಯೋಗ ಶೇ 27 ದಾಟ್ತು, ಯುವಕರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಕೆಲಸ ಇಲ್ಲ. ಕೆಲಸ ಹೋದ್ರೆ ಸ್ವಲ್ಪ ಕಾಲದಲ್ಲೇ ಆರೋಗ್ಯ ವಿಮೆನೂ ಹೋಗ್ತಿತ್ತು, ಅಥೆನ್ಸ್‌ನ ಎಲ್ಲಿನಿಕೊದಲ್ಲಿ ಡಾಕ್ಟರ್‌ಗಳೇ ಸೇರಿ ಪುಕ್ಕಟೆ ಕ್ಲಿನಿಕ್ ತೆಗೆದ್ರು, ಜನ ಮನೇಲಿ ಉಳಿದ ಮಾತ್ರೆ ತಂದು ಕೊಡ್ತಿದ್ರು. ಹೀಟಿಂಗ್ ಎಣ್ಣೆ ತೆರಿಗೆ ಏರಿಸಿದ್ದಕ್ಕೆ 2012ರ ಚಳಿಗಾಲದಲ್ಲಿ ಮನೆ ಮನೇಲಿ ಕಟ್ಟಿಗೆ, ಹಳೆ ಕುರ್ಚಿ ಸುಟ್ಟು ಊರೆಲ್ಲ ಹೊಗೆ. 4 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ರು. ನನ್ನ ಮಗಳ ಡಾಕ್ಟರ್ ಥೆಸಲೋನಿಕಿಯವ್ರು, ಅವರನ್ನ ಓದ್ಸಿದ್ದು ಗ್ರೀಸ್, ಜ್ವರಕ್ಕೆ ಔಷಧಿ ಬರೀತಿರೋದು ಜರ್ಮನಿ ಮಗುವಿಗೆ. ಯಾರು ಯಾರಿಗೆ ಸಾಲ ಕೊಟ್ರು ಹೇಳಿ?

ರಾಜಕೀಯ ಬೇರೆ. ಅಲ್ಲಿ ಗೋಲ್ಡನ್ ಡಾನ್ ಅನ್ನೋ ನವ ನಾಜಿ ಪಕ್ಷ 2012ರಲ್ಲಿ ಶೇ 7 ವೋಟು ತಗೊಂಡು ಪಾರ್ಲಿಮೆಂಟ್‌ಗೆ ಬಂತು, 2020ರಲ್ಲಿ ಕೋರ್ಟು ಅದನ್ನ ಕ್ರಿಮಿನಲ್ ಗ್ಯಾಂಗ್ ಅಂತ ತೀರ್ಪು ಕೊಡ್ತು. ನಮ್ಮ ಜರ್ಮನಿಯಲ್ಲಿ 2013ರಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್ ಒಬ್ಬರು ಯುರೋ ಬೇಡ ಅಂತ ಎಎಫ್‌ಡಿ ಅನ್ನೋ ಪಕ್ಷ ಶುರು ಮಾಡಿದ್ರು, ಆಗ ನಾವೆಲ್ಲ ನಕ್ವಿ. ಪ್ರೊಫೆಸರ್ ಯಾವತ್ತೋ ಹೊರಗೆ ಬಿದ್ರು. 2025ರ ಚುನಾವಣೇಲಿ ಆ ಪಕ್ಷಕ್ಕೆ ಶೇ 20 ದಾಟಿದೆ, ಈಗ ಅವರು ಮಾತಾಡೋದು ಯುರೋ ಬಗ್ಗೆ ಅಲ್ಲ, ನನ್ನಂಥವರ ಬಗ್ಗೆ.

ದಾವಣಗೆರೆ_ಹುಡುಗ

ಸೋಮವಾರಕ್ಕೆ ಸಾಕಷ್ಟಾಯ್ತು, ಎಲ್ರಿಗೂ ಥ್ಯಾಂಕ್ಸ್. ಹಡಗಿನವರೇ ಒಂದು ಕೇಳ್ಲಾ? ಆ ಕಾಫಿ ಅಂಗಡಿ ಈಗ ಇದ್ಯಾ?

ಹಡಗಿನವ

2019ರಲ್ಲಿ ಹೋಗಿದ್ದೆ. ಮುದುಕ ಇಲ್ಲ, ಮೊಬೈಲ್ ಕವರ್ ಮಾರುವ ಅಂಗಡಿ ಆಗಿದೆ. ಬಂದರಿನಲ್ಲಿ ಈಗ ಚೀನಾದ ಹಡಗು ಕಂಪನಿ ಕಾಸ್ಕೋ ಬೋರ್ಡು, 2016ರಲ್ಲಿ ಅವರು ಕೊಂಡದ್ದು.

ಅಂದ ಹಾಗೆ ಮೈನ್ ನದಿಯವರು ನೋಟಿನ ಅಕ್ಷರದ ವಿಷಯ ಹೇಳಿದ್ರಲ್ಲ. ಆವತ್ತು ಹೊರಡುವಾಗ ಮುದುಕ ಚಿಲ್ರೆ ಕೊಡ್ಲಿಕ್ಕೆ ಇಲ್ಲ ಅಂತ ನನ್ನ 20ರ ನೋಟನ್ನೇ ವಾಪಸ್ ಕೊಟ್ಟಿದ್ದ, ಕಾಫಿ ದುಡ್ಡು ಮುಂದಿನ ಸಲ ಕೊಡು ಅಂತ. ಖರ್ಚು ಮಾಡ್ಲಿಕ್ಕೆ ಮನಸ್ಸಾಗದೆ ಡಿಸ್ಚಾರ್ಜ್ ಬುಕ್ (ನಾವಿಕರ ಸೇವೆಯ ದಾಖಲೆ ಪುಸ್ತಕ) ಒಳಗೆ ಇಟ್ಟಿದ್ದೆ. ಈಗ ತೆಗೆದು ನೋಡಿದೆ. ಎಕ್ಸ್.

ರಿಟೈರ್ಡ್_ಮ್ಯಾನೇಜರ್

ಹಳೆ ಸರಣಿ ಇನ್ನೂ ಚಲಾವಣೆಯಲ್ಲಿದೆ, ಬದಲಾಯಿಸಿಕೊಳ್ಳಬಹುದು.

ಹಡಗಿನವ

ಬೇಡ, ಅದು ಮುದುಕನಿಗೆ ಕೊಡ್ಲಿಕ್ಕಿರುವ ದುಡ್ಡು.